ಮಗಳಿಗೆ ಸಿಕ್ಕ ನಂಟು

ನಾನು ದಾವಣಗೆರೆಗೆ ಬಂದಿಳಿದ ದಿನ, ಈ ಊರಿನಲ್ಲಿ ಮುದುಕರನ್ನೇ ದುಡಿಸುತ್ತಾರೆ ಎಂದುಕೊಂಡೆ. ಟ್ರಂಕನ್ನು ಕಾಲ ಬಳಿ ಇಟ್ಟುಕೊಂಡು ಹತ್ತಿ ಗಿರಣಿಯ ಗೇಟಿನ ಮುಂದೆ ನಿಂತಿದ್ದೆ. ಬೆಳಗಿನ ಭೋಂಗಾ ಕೂಗಿತು, ಗೇಟು ತೆರೆಯಿತು, ಪಾಳಿ ಮುಗಿಸಿದ ಜನ ಗುಂಪುಗುಂಪಾಗಿ ಹೊರಗೆ ಬಂದರು. ಒಬ್ಬೊಬ್ಬರ ತಲೆಯೂ ಬೆಳ್ಳಗೆ, ಹುಬ್ಬು ಬೆಳ್ಳಗೆ, ಮೀಸೆ ಬೆಳ್ಳಗೆ, ಕಣ್ಣಿನ ರೆಪ್ಪೆ ಕೂಡ ಬೆಳ್ಳಗೆ. ನೋಡುತ್ತಿದ್ದಂತೆ ಅವರು ಬೀದಿ ನಲ್ಲಿಯ ಕೆಳಗೆ ತಲೆಯೊಡ್ಡಿದರು, ಟವೆಲಿನಿಂದ ತಿಕ್ಕಿ ಒರೆಸಿಕೊಂಡು ಎದ್ದು ನಿಂತರು. ಎಲ್ಲರೂ ನನ್ನ ಓರಗೆಯ ಹುಡುಗರು. ತಲೆಯ ಮೇಲಿದ್ದದ್ದು ಹತ್ತಿಯ ಧೂಳು.

ಅವರಲ್ಲೊಬ್ಬ ನನ್ನ ಟ್ರಂಕು ನೋಡಿ ಹತ್ತಿರ ಬಂದ. "ಹೊಸಬ್ರೇನ್ರಿ? ಟೈಮ್ ಆಫೀಸಿಗಾ? ಬರ್ರಿ, ಮೊದ್ಲು ಮಂಡಕ್ಕಿ ತಿನ್ರಿ, ಆಮ್ಯಾಲೆ ಆಫೀಸು" ಎಂದು ಎದುರಿನ ಅಂಗಡಿಗೆ ಎಳೆದುಕೊಂಡು ಹೋದ. ಬೆಳಗಿನ ಏಳು ಗಂಟೆಗೆ ಒಗ್ಗರಣೆ ಹಾಕಿದ ಮಂಡಕ್ಕಿ, ಜೊತೆಗೆ ಬೆರಳುದ್ದದ ಎರಡು ಮೆಣಸಿನಕಾಯಿ ಬಜ್ಜಿ. ಕಣ್ಣಲ್ಲಿ ನೀರು ಹರಿಸುತ್ತ ತಿಂದೆ. ಹೀಗೆ ಸಿಕ್ಕಿದವನು ಬಾಷಾ ಸಾಬ್, ನೂಲುವ ಖಾತೆಯ ಜಾಬರ್. ಜಾಬರ್ ಎಂದರೆ ಒಂದು ತಂಡದ ಕೂಲಿಗಾರರನ್ನು ನೋಡಿಕೊಳ್ಳುವವನು. ಮುಂದೆ ಹತ್ತು ವರ್ಷ ನಾನು ಯಾರನ್ನು ಕಂಡು ಹೊಟ್ಟೆಕಿಚ್ಚು ಪಡಬೇಕಿತ್ತೋ ಅವನೇ ಇವನು. ಅಂದು ಅದು ನನಗೆ ತಿಳಿದಿರಲಿಲ್ಲ.

ಊರು ಬಿಟ್ಟವರು ತಮ್ಮ ಅನುಭವ ಬರೆದು ಕಳಿಸಿ ಎಂದು ಗುಂಡ್ಲುಪೇಟೆಯ ವಾಚನಾಲಯದ ಗೆಳೆಯರು ಕೇಳಿದ್ದೀರಿ. ಹವಾ ಹೇಗಿದೆ, ಮಂದಿ ಹೇಗಿದ್ದಾರೆ ಎಂದು ಬರೆದರೆ ನಿಮಗೆ ಸಾಕಾಗುತ್ತಿತ್ತು. ಆದರೆ ಈ ಸೀಮೆಯಲ್ಲಿ ನನಗಾದದ್ದು ಹವಾದ ವಿಷಯವಲ್ಲ. ಹೊಟ್ಟೆಕಿಚ್ಚಿಗೆ ಒಳ್ಳೆಯ ಹೆಸರು ಹುಡುಕುವ ಇಷ್ಟವೂ ನನಗಿಲ್ಲ. ಆದದ್ದನ್ನು ಆದ ಹಾಗೇ ಬರೆಯುತ್ತೇನೆ, ಓದಿ ನಗುವವರು ನಗಲಿ.

ಮೊದಲು ಮನೆ ಹುಡುಕಿದ ಕಥೆ. ನಮ್ಮೂರಿನಲ್ಲಿ ಯಾರೂ ನನ್ನ ಜಾತಿ ಕೇಳಿದ್ದಿಲ್ಲ, ಏಕೆಂದರೆ ಎಲ್ಲರಿಗೂ ಗೊತ್ತಿತ್ತು. ಇಲ್ಲಿ ಬಾಗಿಲು ತಟ್ಟಿದ ಕೂಡಲೇ "ಯಾವ ಪೈಕಿ ನೀವು?" ಎನ್ನುವರು. ಬಹಳ ಮರ್ಯಾದೆಯಿಂದ, ಕೂಡ್ರಿ ಎಂದು ಹೇಳಿ, ನೀರು ಕೊಟ್ಟು ಕೇಳುವರು. ನಾನು ಗಿರಣಿಯ ಗುಮಾಸ್ತ, ಎಸ್ಸೆಸ್ಸೆಲ್ಸಿ ಪಾಸು, ಮೈಸೂರು ಕಡೆಯವನು ಎಂದೆಲ್ಲ ಸುತ್ತಿ ಬಳಸಿ ಹೇಳುತ್ತಿದ್ದೆ. ಅವರು ತಾಳ್ಮೆಯಿಂದ ಕೇಳಿ, ಮತ್ತೆ ಅದೇ ಪ್ರಶ್ನೆಗೆ ಬರುತ್ತಿದ್ದರು. ಕೊನೆಗೆ ಒಬ್ಬ ದಲಾಲಿ ಅಂಗಡಿಯ ಯಜಮಾನರು, ವಿಭೂತಿ ಹಚ್ಚಿದ ಹಿರಿಯರು, ಜಾತಿ ಕೇಳದೆ ಬೇರೊಂದು ಕೇಳಿದರು. "ಒಂದು ಮನಿ ಖಾಲಿ ಐತೆ. ಆದ್ರೆ ಸಾಬರ ಓಣಿಗೆ ಹತ್ಕಂಡೈತೆ. ನಡೀತೈತೇನ್ರಿ ನಿಮಗೆ?"

ನಡೆಯುತ್ತದೆಯೇ ಎಂದರೇನು, ನನಗೆ ಕುಣಿಯಬೇಕೆನಿಸಿತು. ಯಾಕೆಂದು ನಿಮಗೆ ಹೇಳಬೇಕು.

ನಮ್ಮದು ಮಡಿವಾಳರ ಮನೆ ಎಂದು ನಿಮಗೆ ಗೊತ್ತಿರುವುದೇ. ಊರ ದೊಡ್ಡ ಮನೆಗಳ ಮದುವೆಯಲ್ಲಿ ನನ್ನಪ್ಪ ಮದುಮಕ್ಕಳ ಕಾಲಡಿಗೆ ಮಡಿಬಟ್ಟೆ ಹಾಸುತ್ತ ಹೋಗುವುದನ್ನು ನೀವೂ ನೋಡಿದ್ದೀರಿ. ಅವರು ಆ ಬಟ್ಟೆಯ ಮೇಲೆ ನಡೆಯುವರು, ಅಪ್ಪ ಊಟಕ್ಕೆ ಕೊನೆಯಲ್ಲಿ ಹಿತ್ತಲಿನಲ್ಲಿ ಕೂರುವನು, ಅವನ ಪಕ್ಕದಲ್ಲಿ ನಾನು. ನನಗೆ ಒಂಬತ್ತು ವರ್ಷವಿದ್ದಾಗ ಊಟಿ ರಸ್ತೆಯ ಮರದ ವ್ಯಾಪಾರಿ ಸಾಹೇಬರ ಅಂಗಳದಲ್ಲಿ ಒಂದು ಊಟ ಕಂಡೆ. ಒಂದು ದೊಡ್ಡ ತಟ್ಟೆಯ ಸುತ್ತ ಸಾಹೇಬರು, ಅವರ ಗಾಡಿ ಹೊಡೆಯುವವನು, ಇನ್ನಿಬ್ಬರು ಯಾರೋ ಕೂತು ಒಂದೇ ರಾಶಿಗೆ ಕೈ ಹಾಕಿ ಉಣ್ಣುತ್ತಿದ್ದರು. ಬೇಲಿ ಹಿಡಿದು ನೋಡುತ್ತ ನಿಂತೆ. ಅವತ್ತು ಶುರುವಾದ ಹಸಿವು ಅದು. ಆಮೇಲೆ ಪ್ರವಾದಿಗಳ ಜೀವನದ ಬಗ್ಗೆ ಕನ್ನಡದಲ್ಲಿ ಸಿಕ್ಕಿದ್ದನ್ನೆಲ್ಲ ಓದಿದೆ, ಮೈಸೂರಿನಿಂದ ತರಿಸಿ ಓದಿದೆ, ಗೆರೆ ಹಾಕಿ ಓದಿದೆ. ದಾವಣಗೆರೆಯಲ್ಲಿ ಯಾರಿಗೂ ನನ್ನಪ್ಪ ಗೊತ್ತಿಲ್ಲ. ಇಲ್ಲಿಯಾದರೂ ಆ ತಟ್ಟೆಗೆ ಕೈ ಹಾಕೋಣ, ಆ ನಮಾಜಿನ ಸಾಲಿನಲ್ಲಿ ಭುಜಕ್ಕೆ ಭುಜ ತಾಗಿಸಿ ನಿಲ್ಲೋಣ ಎಂಬ ಆಸೆ ನನ್ನದು.

ಮನೆಗೆ ಬಂದಾಗ ಇನ್ನೊಂದು ಸೋಜಿಗ: ಹಿತ್ತಲ ಮೋಟುಗೋಡೆಯ ಆಚೆ ಇದ್ದದ್ದು ಬಾಷಾ ಸಾಬನ ಮನೆಯೇ. ತಿಂಗಳೊಳಗೆ ಹೆಂಡತಿ ಚೆನ್ನಾಜಮ್ಮನನ್ನು ಕರೆತಂದೆ. ಅವಳಿಗೆ ಈ ಊರು ಸ್ವಲ್ಪವೂ ಹಿಡಿಸಲಿಲ್ಲ. "ರಾಗಿ ಹುಡುಕ್ಕಂಡು ಓಗ್ಬೇಕು, ಈ ಬಿಳಿ ರೊಟ್ಟಿ ನನ್ ಕೈಲಿ ತಟ್ಟಕ್ಕಾಗಲ್ಲ. ಮಾತಾಡುದ್ರೆ ಜಗಳ ಆಡ್ದಂಗೆ ಕೇಳ್ತದೆ" ಎಂದು ಮೂರು ದಿನ ಅತ್ತಳು. ನಾನು ಅವಳನ್ನು ಸಮಾಧಾನ ಮಾಡದೆ ಮಸೀದಿಗೆ ಹೋದೆ.

ಮಸೀದಿಯ ಇಮಾಮರನ್ನು ಎಲ್ಲರೂ ಹಜರತ್ ಎನ್ನುತ್ತಿದ್ದರು. ಗಿರಣಿಯ ಮಂದಿ ನನ್ನಂಥ ಗುಮಾಸ್ತರನ್ನು ಬಾಬು ಎನ್ನುತ್ತಿದ್ದುದರಿಂದ ಅವರಿಗೂ ನಾನು ಬಾಬುವೇ ಆದೆ. ಶುಕ್ರವಾರ ಮಧ್ಯಾಹ್ನ ನನ್ನ ನೋಟ್‌ಬುಕ್ಕು ಹಿಡಿದು ಮೆಟ್ಟಿಲ ಮೇಲೆ ಕೂತೆ. ಮುಂದಿನ ಶುಕ್ರವಾರವೂ ಕೂತೆ. ಮೂರನೆಯ ಶುಕ್ರವಾರ ಹಜರತ್ತರು ಹೊರಗೆ ಬಂದು ನನ್ನ ಪಕ್ಕದಲ್ಲಿ ಕೂತರು.

"ಬಾಬು, ತಪ್ಪು ತಿಳಕಬ್ಯಾಡ್ರಿ. ನೀವು ಪೊಲೀಸ್ ಕಡೇರೇನ್ರಿ?"

"ಅಯ್ಯೋ, ಅಲ್ಲ ಹಜರತ್."

"ಮತ್ತೆ ನೋಟ್‌ಬುಕ್ಕಿನಾಗೆ ಬರ್ಕಂತೀರಿ ಅಂತ ಮಂದಿ ಹೆದರ್ಯಾರೆ."

ನಾನು ನೋಟ್‌ಬುಕ್ಕು ತೋರಿಸಿದೆ. ಅದರಲ್ಲಿ ಓದಿದ ಪುಸ್ತಕಗಳ ಟಿಪ್ಪಣಿ ಇತ್ತು. ಅವರು ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿ ನಕ್ಕರು. "ಇಷ್ಟೆಲ್ಲ ನಮ್ಮ ಹುಡುಗರಿಗೇ ಗೊತ್ತಿಲ್ರಿ" ಎಂದರು. ಅಂದಿನಿಂದ ಒಳಗೆ ಬಂದು ಕೂತು ನೋಡಲು ಅಪ್ಪಣೆ ಸಿಕ್ಕಿತು. "ಸಾಲಿನಾಗೆ ನಿಲ್ಲಾದು ಬೇರೆ ಮಾತು ಬಾಬು. ಅದಕ್ಕೆ ಅವಸರ ಬ್ಯಾಡ" ಎಂದರು. ನಾನು ಹಿಂದೆ ಗೋಡೆಗೆ ಒರಗಿ ಕೂತು ನೋಡುತ್ತಿದ್ದೆ. ಬೀಡಿ ಕಟ್ಟುವವನು ಬಂದು ಜವಳಿ ವ್ಯಾಪಾರಿಯ ಪಕ್ಕದಲ್ಲಿ ನಿಲ್ಲುವನು. ಬಾಗಿಲಲ್ಲಿ ಭಿಕ್ಷೆ ಬೇಡುತ್ತಿದ್ದ ಕುಂಟನೂ ತಟ್ಟೆ ಅಲ್ಲೇ ಬಿಟ್ಟು ಬಂದು ಸಾಲು ಸೇರುವನು. ಆ ಭಿಕ್ಷುಕನನ್ನು ಕಂಡು ನನಗೆ ಹೊಟ್ಟೆ ಉರಿಯುತ್ತಿತ್ತು ಎಂದರೆ ನಂಬುತ್ತೀರಾ? ಅವನು ಒಂದು ಪುಸ್ತಕವನ್ನೂ ಓದಿರಲಿಲ್ಲ.

ಅತ್ತ ಚೆನ್ನಾಜಮ್ಮ ಒಂದು ದಿನ ಹಿತ್ತಲಲ್ಲಿ ನಿಂತು ಗೋಡೆಯಾಚೆ ನೋಡಿದಳು. ಬಾಷಾ ಸಾಬನ ಹೆಂಡತಿ ಜೈನಬಿ ಗಂಡನ ಅಂಗಿಯ ಗ್ರೀಸಿನ ಕರೆಯನ್ನು ಸೋಪಿನಿಂದ ತಿಕ್ಕಿ ತಿಕ್ಕಿ ಸೋತಿದ್ದಳು. ನನ್ನ ಹೆಂಡತಿಗೆ ತಡೆಯಲಾಗಲಿಲ್ಲ. "ಬೂಬಮ್ಮಾ, ಅಂಗಲ್ಲ, ಇತ್ತಗೆ ಕೊಡಿ" ಎಂದು ಅಂಗಿ ಕಸಿದುಕೊಂಡಳು. ಕೆರೆಯ ಕಡೆಯಿಂದ ಸೌಳು ಮಣ್ಣು ತರಿಸಿ, ಬಟ್ಟೆಯನ್ನು ಅದರ ನೀರಲ್ಲಿ ನೆನೆಸಿ, ಹಬೆಗೆ ಇಟ್ಟು, ಮರುದಿನ ಹಾಲಿನಂಥ ಅಂಗಿಯನ್ನು ಗೋಡೆಯ ಮೇಲೆ ಹಾಕಿದಳು. "ನಾವು ಅಗಸ್ರು ಕಣಮ್ಮ, ನಮ್ಗೆ ಇದೇನು ದೊಡ್ದು" ಎಂದೂ ಹೇಳಿಬಿಟ್ಟಳು. ನಾನು ಆರು ತಿಂಗಳು ಸುತ್ತಿ ಬಳಸಿ ಮುಚ್ಚಿಟ್ಟದ್ದನ್ನು ಅವಳು ಒಂದು ಅಂಗಿಯ ಜೊತೆ ಒಗೆದು ಹರವಿದಳು. ನನಗೆ ಮೈಯೆಲ್ಲ ಉರಿಯಿತು. ಆದರೆ ಅಂದು ಸಂಜೆ ಜೈನಬಿಯ ಮನೆಯಿಂದ ಒಂದು ಬೋಗುಣಿ ಖೀಮಾ ಬಂತು. ಮರುದಿನ ಚೆನ್ನಾಜಮ್ಮ ಗೋಡೆ ದಾಟಿ ಅವರ ಅಡುಗೆಮನೆಯಲ್ಲಿ ಕೂತಿದ್ದಳು. ವಾರದಲ್ಲಿ ರೊಟ್ಟಿ ತಟ್ಟಲು ಕಲಿತಳು, ತಿಂಗಳಲ್ಲಿ "ಬ್ಯಾಡ್ರೀ" "ಐತ್ರೀ" ಎನ್ನತೊಡಗಿದಳು.

ಅವಳಿಗೆ ಇಸ್ಲಾಮಿನ ಬಗ್ಗೆ ಏನೂ ಗೊತ್ತಿರಲಿಲ್ಲ, ಗೊತ್ತು ಮಾಡಿಕೊಳ್ಳುವ ಆಸೆಯೂ ಇರಲಿಲ್ಲ. ಪ್ರವಾದಿಗಳು ಯಾವ ಊರಿನಲ್ಲಿ ಹುಟ್ಟಿದರು ಎಂದು ಕೇಳಿದೆ ಒಮ್ಮೆ. "ಯಾವ್ ಊರಾದ್ರೇನು, ಬೂಬಮ್ಮನ್ನ ಕೇಳಿ ಏಳ್ತೀನಿ ಬುಡಿ" ಎಂದಳು. ಅಂಥವಳು ಒಳಮನೆಯಲ್ಲಿ, ನಾನು ಮಸೀದಿಯ ಹಿಂದಿನ ಗೋಡೆಗೆ.

ಮರುವರ್ಷ ಬಾಷಾ ಸಾಬನ ತಂಗಿಯ ಮದುವೆ. "ಬಾಬು, ನೀವು ಬರ್ಲೇಬೇಕು. ನಿಮಗೆ ಬೇಜಾರಾಗದಂಗೆ ನೋಡ್ಕಂತೀನಿ" ಎಂದು ಕೈಹಿಡಿದು ಕರೆದ. ನಾನು ಆ ದಿನಕ್ಕಾಗಿ ಹೊಸ ಅಂಗಿ ಹೊಲಿಸಿದೆ. ಬೆಳಿಗ್ಗೆ ಬೇಕೆಂದೇ ತಿಂಡಿ ಬಿಟ್ಟೆ. ನಿಕಾಹ್ ಆಯಿತು, ಖರ್ಜೂರ ಹಂಚಿದರು, ಚಾಪೆ ಹಾಸಿದರು, ನಾಲ್ಕು ನಾಲ್ಕು ಜನಕ್ಕೆ ಒಂದರಂತೆ ದೊಡ್ಡ ತಟ್ಟೆಗಳು ಬಂದವು. ಇಲ್ಲಿ ಅದನ್ನು ತಬಕ್ ಎನ್ನುತ್ತಾರೆ. ನಾನು ಚಪ್ಪಲಿ ಬಿಟ್ಟು ಚಾಪೆಯ ಮೇಲೆ ಕಾಲಿಡುವಷ್ಟರಲ್ಲಿ ಬಾಷಾ ಸಾಬ್ ಓಡಿ ಬಂದ.

"ಅಲ್ಲಲ್ಲ ಬಾಬು, ಇತ್ತಕಡೆ ಬರ್ರಿ. ನಿಮ್ಮ ಮಂದಿಗೆ ಬ್ಯಾರೆ ವ್ಯವಸ್ಥೆ ಮಾಡೀನಿ. ಸ್ವಾಮ್ಗೋಳ ಕೈಯಾಗೇ ಅಡಿಗಿ ಮಾಡಿಸೀನಿ. ಪಾತ್ರಿ ಸೈತ ನಮ್ಮವಲ್ಲ, ಹೊರಗಿಂದ ತರಿಸಿದ್ದು."

ಸ್ವಾಮಿಗಳೆಂದರೆ ಇಲ್ಲಿ ಜಂಗಮರು. ಹಿಂಭಾಗದಲ್ಲಿ ಪ್ರತ್ಯೇಕ ಚಪ್ಪರ. ಬಾಳೆ ಎಲೆ, ಅನ್ನ ಸಾರು, ಗೋದಿ ಪಾಯಸ. ಗಿರಣಿಯ ಹತ್ತಾರು ಜನ ಲಿಂಗಾಯತರು, ಬೇರೆಯವರು ಅಲ್ಲಿ ಸಂತೋಷವಾಗಿ ಉಣ್ಣುತ್ತಿದ್ದರು. ಇದು ಈ ಸೀಮೆಯ ಪದ್ಧತಿ. ಬಂದವರ ಆಚಾರ ಕೆಡಬಾರದು ಎಂದು ಕೈಯಿಂದ ಖರ್ಚು ಮಾಡಿ ಅಡುಗೆಯವರನ್ನು ಕರೆಸುವ ದೊಡ್ಡತನ ಅದು. ನನಗೆ ಅದು ಅರ್ಥವಾಯಿತು, ಅರ್ಥವಾದದ್ದಕ್ಕೇ ಇನ್ನಷ್ಟು ಸಂಕಟ. ಜೀವಮಾನದಲ್ಲಿ ಮೊದಲ ಬಾರಿ ನನ್ನನ್ನು ಮೊದಲ ಸಾಲಿನಲ್ಲಿ, ಎಲ್ಲರಿಗಿಂತ ಮುಂದೆ ಕೂರಿಸಿ ಬಡಿಸಿದರು. ಅದೂ ನನಗೆ ಬೇಕಾದ ಚಪ್ಪರದಲ್ಲಲ್ಲ.

ಮನೆಗೆ ಬಂದಾಗ ಚೆನ್ನಾಜಮ್ಮ ಎಲೆ ಅಡಿಕೆ ಮೆಲ್ಲುತ್ತಿದ್ದಳು. "ನೀನೆಲ್ಲಿ ಉಂಡೆ?" ಎಂದೆ.

"ಒಳಗೇ. ಬೂಬಮ್ಮ, ಅವ್ರ ನಾದ್ನಿ, ಅವ್ರತ್ತೆ, ನಾನು. ಒಂದೇ ತಟ್ಟೇಲಿ. ಅವ್ರತ್ತೆ ಒಳ್ಳೊಳ್ಳೆ ತುಂಡೆಲ್ಲ ನನ್ ಕಡೀಕೇ ತಳ್ಳೋರು."

ನಾನು ಅವಳ ಕೈಯನ್ನೇ ನೋಡಿದೆ. ಆ ಹೊತ್ತು ನನಗೆ ಹೆಂಡತಿಯ ಮೇಲೆ ಬಂದ ಹೊಟ್ಟೆಕಿಚ್ಚು ಯಾವ ಶತ್ರುವಿನ ಮೇಲೂ ಬಂದಿಲ್ಲ. ಎರಡು ದಿನ ಅವಳೊಡನೆ ಮಾತು ಬಿಟ್ಟೆ. ಯಾಕೆಂದು ಅವಳಿಗೆ ತಿಳಿಯಲಿಲ್ಲ, ತುಂಡಿನ ಆಸೆಗೆ ಇರಬೇಕು ಎಂದು ಕೋಳಿ ತಂದು ಸಾರು ಮಾಡಿದಳು.

ಆಮೇಲೆ ಮಗಳು ಹುಟ್ಟಿದಳು. ಗೌರಿ ಎಂದು ಹೆಸರಿಟ್ಟೆವು. ಮಗುವಿಗೆ ಎರಡು ತಿಂಗಳಾಗುವಾಗ ಚೆನ್ನಾಜಮ್ಮನಿಗೆ ಟೈಫಾಯ್ಡ್ ಬಂತು. ಮೈ ಸುಡುತ್ತಿತ್ತು, ಕಣ್ಣು ಬಿಡುತ್ತಿರಲಿಲ್ಲ, ಮೊಲೆಹಾಲು ಬತ್ತಿತು. ಡಾಕ್ಟರು ಮಗುವನ್ನು ಅವಳ ಹತ್ತಿರ ಮಲಗಿಸಲೇಬೇಡಿ ಎಂದರು. ಹಸುವಿನ ಹಾಲಿಗೆ ನೀರು ಬೆರೆಸಿ ಕೊಟ್ಟರೆ ಮಗು ಕಕ್ಕುತ್ತಿತ್ತು. ಎರಡನೆಯ ದಿನ ಅದಕ್ಕೆ ಅಳುವ ಶಕ್ತಿಯೂ ಇರಲಿಲ್ಲ. ನಾನು ಹಿತ್ತಲಲ್ಲಿ ಅದನ್ನು ಎತ್ತಿಕೊಂಡು ಸುಮ್ಮನೆ ತಿರುಗುತ್ತಿದ್ದೆ. ಗೋಡೆಯಾಚೆಯಿಂದ ಜೈನಬಿಯ ದನಿ ಬಂತು. ಮೊದಲ ಬಾರಿ ಅವಳು ನನ್ನೊಡನೆ ನೇರ ಮಾತಾಡಿದಳು.

"ಭಾಯ್, ಕೂಸಿನ್ನ ಗೋಡಿ ಮ್ಯಾಲೆ ಇಡ್ರಿ. ನೀವು ಹಿಂದಕ್ಕೆ ಸರೀರಿ. ನಂಗೂ ಹಾಲೈತೆ."

ಇಟ್ಟು ಸರಿದೆ. ಎರಡು ಕೈಗಳು ಬಂದು ಮಗುವನ್ನು ತೆಗೆದುಕೊಂಡವು. ಅವಳ ಆರು ತಿಂಗಳ ಮಗ ಇಸ್ಮಾಯಿಲನ ಪಾಲಿನ ಹಾಲನ್ನು ನನ್ನ ಮಗಳು ನಲವತ್ತು ದಿನ ಕುಡಿದಳು. ಮಗಳು ಬದುಕಿದಳು, ಹೆಂಡತಿಯೂ ಬದುಕಿದಳು. ಈ ಋಣ ನಾನು ಮರೆಯುವವನಲ್ಲ. ಆದರೂ ನಿಜ ಬರೆಯುತ್ತೇನೆ ಎಂದು ಹೇಳಿದ್ದೇನಲ್ಲ, ಮುಂದಿನದನ್ನೂ ಓದಿ.

ಚೆನ್ನಾಜಮ್ಮ ಎದ್ದು ಓಡಾಡತೊಡಗಿದ ಮೇಲೆ ಹಜರತ್ತರು ಬಾಷಾ ಸಾಬನ ಮನೆಗೆ ಬಂದರು. ನಾನೂ ಮುಂದಿನ ಜಗುಲಿಯ ಮೇಲೆ ಇದ್ದೆ. ಮಗುವಿನ ತಲೆಯ ಮೇಲೆ ಕೈಯಿಟ್ಟು ಅವರು ಹೇಳಿದರು: "ಬಾಷಾ, ನೆಪ್ಪಿಟ್ಕ. ಇದು ಇವತ್ತಿಂದ ನಿನ್ನ ಮಗಳು. ದೂಧ್ ಕಾ ರಿಶ್ತಾ ಅಂದ್ರೆ ರಕ್ತದ್ದು ಇದ್ದಂಗೆ. ಇಸ್ಮಾಯಿಲನಿಗೆ ತಂಗಿ. ನಾಳೆ ಇವರಿಬ್ರಿಗೆ ಮದುವಿ ಅನ್ನಾದು ಇಲ್ಲ. ಇಕಿ ನಿನ್ನ ಮುಂದೆ ಮುಸುಕು ಹಾಕಾದು ಇಲ್ಲ." ದೂಧ್ ಕಾ ರಿಶ್ತಾ ಎಂದರೆ ಹಾಲಿನ ನಂಟು.

ಬಾಷಾ ಸಾಬ್ ಮಗುವನ್ನೆತ್ತಿ "ನಮ್ಮ ಬೇಟಿ" ಎಂದು ಓಣಿಯ ಉದ್ದಕ್ಕೂ ಮನೆ ಮನೆಗೆ ತೋರಿಸಿಕೊಂಡು ಬಂದ. ಬೀಡಿ ಕಟ್ಟುವವನು, ಜವಳಿಯವನು, ಎಲ್ಲರೂ ಬಾಗಿಲಿಗೆ ಬಂದು ಮಗುವಿನ ಗಲ್ಲ ಮುಟ್ಟಿದರು. ಮೂರು ವರ್ಷ ಮಸೀದಿಯಲ್ಲಿ ಕಾದು ಕೂತು ನಾನು ಕೇಳಿದ್ದು ಅದನ್ನೇ. ಅದು ಹಲ್ಲು ಬಾರದ ಮಗುವಿಗೆ ಸಿಕ್ಕಿತು, ಅದಕ್ಕೆ ಬೇಕೂ ಇರಲಿಲ್ಲ. ಸ್ವಂತ ಮಗಳ ಮೇಲೆ ಹೊಟ್ಟೆಕಿಚ್ಚು ಪಡುವ ಅಪ್ಪನನ್ನು ನೀವು ಕಂಡಿದ್ದೀರಾ? ಇದೋ ನಾನಿದ್ದೇನೆ. ಜೊತೆಗೆ ಬಾಷಾ ಸಾಬನ ಮೇಲೂ ಕಿಚ್ಚು. ನನ್ನ ಮಗಳನ್ನು ಮಗಳೆನ್ನಲು ಅವನ ಬೆನ್ನಿಗೆ ಇಡೀ ಓಣಿಯ ಜನ ಇತ್ತು, ನನ್ನ ಬೆನ್ನಿಗೆ ಯಾರೂ ಇರಲಿಲ್ಲ.

ಆಮೇಲೆ ನನ್ನ ತಲೆ ಓಡಿತು. ಪುಸ್ತಕ ತೆಗೆದೆ. ಹಾಲುಣಿಸಿದ ತಾಯಿ ಬಂದಾಗ ಪ್ರವಾದಿಗಳು ಎದ್ದು ತಮ್ಮ ವಸ್ತ್ರವನ್ನೇ ಹಾಸಿ ಕೂರಿಸಿದರೆಂದು ಅಲ್ಲಿತ್ತು. ಎಷ್ಟು ದೊಡ್ಡ ನಂಟು. ಹಾಗಾದರೆ ಲೆಕ್ಕ ಸರಳ ಎಂದುಕೊಂಡೆ. ನನ್ನ ಮಗಳು ಜೈನಬಿಗೆ ಮಗಳಾದರೆ ಜೈನಬಿ ನನಗೆ ಅಕ್ಕನಲ್ಲದೆ ಇನ್ನೇನು? ಅಕ್ಕನ ಮನೆಗೆ ತಮ್ಮನಿಗೆ ಪರದೆ ಏಕೆ? ಯಾರನ್ನೂ ಕೇಳಲಿಲ್ಲ. ಓದಿದವನಲ್ಲವೇ ನಾನು.

ರಂಜಾನ್ ಹಬ್ಬದ ಬೆಳಿಗ್ಗೆ ಮಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಬಾಷಾ ಸಾಬನ ಮುಂಬಾಗಿಲಿಗೆ ಹೋದೆ. ಗಂಡಸರು ಈದ್ಗಾದಿಂದ ಆಗಷ್ಟೇ ಹಿಂದಿರುಗುತ್ತಿದ್ದರು. ಒಳಬಾಗಿಲ ಪರದೆ ಸರಿಸಿ ನೇರ ಅಡುಗೆಮನೆಗೆ ನಡೆದೆ. "ಅಕ್ಕಾ, ಈದ್ ಮುಬಾರಕ್. ನಾನೂ ಇನ್ನು ಈ ಮನೆಯವನೇ" ಎಂದು ಗಟ್ಟಿಯಾಗಿ ಹೇಳಿದೆ. ಈ ಮಾತನ್ನು ವಾರದಿಂದ ಬಾಯಿಪಾಠ ಮಾಡಿದ್ದೆ.

ಒಳಗೆ ಐದಾರು ಹೆಂಗಸರಿದ್ದರು. ತಲೆಗೆ ಸ್ನಾನ ಮಾಡಿ ಕೂದಲು ಬಿಟ್ಟುಕೊಂಡಿದ್ದವರು, ಮಗುವಿಗೆ ಹಾಲೂಡುತ್ತಿದ್ದವರು. ಒಬ್ಬಳ ಕೈಯಿಂದ ಪಾತ್ರೆ ಬಿತ್ತು. ಎಲ್ಲರೂ ಸೆರಗು ಎಳೆದುಕೊಂಡು ಗೋಡೆಯ ಕಡೆ ತಿರುಗಿದರು. ಅವರ ನಡುವೆ ನನ್ನ ಹೆಂಡತಿ ಶಾವಿಗೆ ಹುರಿಯುತ್ತ ಕೂತಿದ್ದಳು. ನನ್ನನ್ನು ನೋಡಿ ಅವಳೂ ಸೆರಗು ಎಳೆದುಕೊಂಡಳು. ಉಳಿದವರು ಮಾಡಿದ್ದು ಅಷ್ಟು ನಾಟಲಿಲ್ಲ, ಅವಳು ಮಾಡಿದ್ದು ನಾಟಿತು.

ಬಾಷಾ ಸಾಬ್ ಕೂಗಾಡಲಿಲ್ಲ. ಹಿಂದಿನಿಂದ ಬಂದು ನನ್ನ ತೋಳು ಹಿಡಿದು ಜಗುಲಿಗೆ ಕರೆದುಕೊಂಡು ಬಂದ, ಕುರ್ಚಿ ಒರೆಸಿ ಕೂರಿಸಿದ. ಒಂದು ಬಟ್ಟಲಲ್ಲಿ ಹಬ್ಬದ ಶಾವಿಗೆ ಪಾಯಸ, ಇಲ್ಲಿಯವರ ಸುರ್‌ಕುಂಬಾ, ತಂದುಕೊಟ್ಟ. ಬೈದಿದ್ದರೆ ಚೆನ್ನಾಗಿತ್ತು. ಹಜರತ್ತರು ಬಂದರು. ನಾನು ಪುಸ್ತಕದ ಮಾತು ಎತ್ತಿದೆ. ಅವರು ಕೊನೆಯವರೆಗೂ ಕೇಳಿದರು.

"ಬಾಬು, ನಂಟು ಹಾಲು ಕುಡಿದೋರಿಗೆ. ನೀವು ಕುಡಿದಿಲ್ಲಲ್ರಿ" ಎಂದರು.

ಯಾರೂ ನಗಲಿಲ್ಲ. ನಾನು ಬಟ್ಟಲನ್ನು ನೋಡುತ್ತಿದ್ದೆ. ಅವರೇ ಕುರ್ಚಿ ಹತ್ತಿರ ಎಳೆದುಕೊಂಡು ಮೆಲ್ಲಗೆ ಕೇಳಿದರು.

"ಒಂದು ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ನಿಮಗೆ ದೇವ್ರು ಬೇಕೇನ್ರಿ, ಮಂದಿ ಬೇಕೇನ್ರಿ? ದೇವ್ರು ಬೇಕು ಅಂದ್ರೆ ಬಾಗ್ಲು ತೆರದೈತೆ. ಕಲ್ಮಾ ಓದ್ರಿ, ಬರ್ರಿ, ನಾನೇ ನನ್ನ ಪಕ್ಕದಾಗೆ ನಿಲ್ಲಿಸ್ಕಂತೀನಿ. ಮಂದಿ ಬೇಕು ಅಂದ್ರೆ ಅದು ನನ್ನ ಕೈಯಾಗಿಲ್ಲ."

ನನಗೆ ಬೇಕಾದದ್ದು ಮಂದಿ. ದೇವರ ಹತ್ತಿರ ನನಗೆ ಅಂಥ ಜಗಳವೂ ಇರಲಿಲ್ಲ, ಅಂಥ ಮಾತುಕತೆಯೂ ಇರಲಿಲ್ಲ. ಬರೀ ಮಂದಿಯ ಆಸೆಗೆ ಕಲ್ಮಾ, ಅಂದರೆ ಆ ಧರ್ಮಕ್ಕೆ ಸೇರುವ ಪ್ರಮಾಣದ ಮಾತು, ಓದಿದರೆ ಆ ಒಳ್ಳೆಯ ಮುದುಕರಿಗೆ ಮೋಸ ಮಾಡಿದಂತೆ ಎಂದು ಬಟ್ಟಲು ಕೆಳಗಿಟ್ಟು ಎದ್ದು ಬಂದೆ. ಅಷ್ಟು ಮಾತ್ರ ನಾನು ಮಾಡಿದ ಸರಿ ಕೆಲಸ.

ಅದರ ಮಾರನೆಯ ದಿನ ಮಾಡಿದ್ದು ಸರಿ ಕೆಲಸವಲ್ಲ. ಗೋಡೆ ದಾಟಕೂಡದು, ಮಗುವನ್ನು ಆಚೆ ಕೊಡಕೂಡದು ಎಂದು ಹೆಂಡತಿಗೆ ಕಟ್ಟಪ್ಪಣೆ ಮಾಡಿದೆ.

"ಯಾಕೆ?" ಎಂದಳು.

"ಅವರಿಗೂ ನಮಗೂ ಆಚಾರ ಬೇರೆ."

"ಸುಳ್ಳು ಯಾಕ್ ಏಳ್ತೀರಿ. ನಿಮ್ಗೆ ಒಟ್ಟೆ ಉರಿ. ನಾನು ಒಳೀಕ್ ಓದೆ, ನಿಮ್ಗೆ ಓಗಕ್ಕಾಗ್ನಿಲ್ಲ, ಅಷ್ಟೇ. ಆ ಮನೆ ಆಲು ಕುಡ್ದು ಈ ಕೂಸು ಉಳ್ಕಂಡದೆ. ನೀವು ಬ್ಯಾಡಾ ಅಂದ್ರೂ ನಾನು ಓಯ್ತೀನಿ."

ಹೋದಳು. ಮಗುವನ್ನೂ ಎತ್ತಿಕೊಂಡು ಹೋದಳು. ನಾನು ತಡೆಯಲಿಲ್ಲ, ತಡೆಯಲು ನನಗೆ ಮುಖವೂ ಇರಲಿಲ್ಲ. ಆದರೆ ಒಳಗೊಳಗೆ ಬೇರೊಂದು ದಾರಿ ಹುಡುಕಿದೆ. ಆ ದಿನಗಳಲ್ಲಿ ಹರಿಹರದಲ್ಲಿ ಯಂತ್ರ ಮಾಡುವ ಕಾರ್ಖಾನೆಗೆ ಗುಮಾಸ್ತರು ಬೇಕೆಂದು ಸುದ್ದಿ ಇತ್ತು. ಅರ್ಜಿ ಹಾಕಿದೆ, ಕೆಲಸ ಸಿಕ್ಕಿತು. ಚೆನ್ನಾಜಮ್ಮನಿಗೆ ಕಾರ್ಖಾನೆಯ ಮನೆ ಸಿಗುತ್ತದೆ, ಹೊಳೆಯ ಗಾಳಿ ಮಗುವಿಗೆ ಒಳ್ಳೆಯದು ಎಂದೆ. ಹೊರಡುವ ದಿನ ಇಬ್ಬರು ಹೆಂಗಸರೂ ಗೋಡೆಗೆ ಒರಗಿ ಅತ್ತರು. ಬಾಷಾ ಸಾಬ್ ನಮ್ಮ ಟ್ರಂಕನ್ನು ಸ್ಟೇಷನ್ನಿನವರೆಗೂ ಹೊತ್ತ.

ಹರಿಹರ ದಾವಣಗೆರೆಯಿಂದ ರೈಲಿನಲ್ಲಿ ಅರ್ಧ ಗಂಟೆಯ ದಾರಿ. ಆದರೂ ಬೇರೆಯೇ ಊರು. ಅಲ್ಲಿ ಹತ್ತಿಯ ಧೂಳು, ಇಲ್ಲಿ ಕಬ್ಬಿಣದ ವಾಸನೆ. ಅಲ್ಲಿ ಓಣಿಯವರಿಗೆಲ್ಲ ಎಲ್ಲರ ಮನೆಯ ಸಾರು ಗೊತ್ತು, ಇಲ್ಲಿ ಕಾರ್ಖಾನೆಯ ಮನೆಗಳ ಸಾಲಿನಲ್ಲಿ ಒಬ್ಬರು ಧಾರವಾಡದವರು, ಒಬ್ಬರು ಪುಣೆಯ ಕಡೆಯವರು, ಒಬ್ಬರ ಮಾತು ಒಬ್ಬರಿಗೆ ಪೂರ್ತಿ ತಿಳಿಯದು. ಬಾಗಿಲಿಗೆ ಬಂದು ಜಾತಿ ಕೇಳುವವರೂ ಇಲ್ಲ, ಬೋಗುಣಿಯಲ್ಲಿ ಖೀಮಾ ತರುವವರೂ ಇಲ್ಲ. ಊರಿನವರು ತಮ್ಮ ದೇವರನ್ನು ತೋರಿಸಿ, ನೋಡ್ರಿ ಅರ್ಧ ಹರಿ ಅರ್ಧ ಹರ, ಒಂದೇ ಮೈ ಎಂದು ಹೆಮ್ಮೆ ಪಡುತ್ತಾರೆ. ಕಲ್ಲಿಗೆ ಅದು ಸುಲಭ ಎಂದು ನಾನು ಪೂಜಾರಿಗಳಿಗೆ ಹೇಳಲಿಲ್ಲ.

ದೂರ ಬಂದರೆ ಕಿಚ್ಚು ಆರುತ್ತದೆ ಎಂಬ ನನ್ನ ಎಣಿಕೆ ಕೈಕೊಟ್ಟಿತು. ಮೊದಲ ರಜೆಯ ದಿನವೇ ಬಾಷಾ ಸಾಬ್ ಇಸ್ಮಾಯಿಲನನ್ನು ಕಟ್ಟಿಕೊಂಡು ರೈಲಿಳಿದ. ಕೈಯಲ್ಲಿ ಮಂಡಕ್ಕಿಯ ಚೀಲ. ಮುಂದಿನ ರಜೆಗೂ ಬಂದ. ಐದು ವರ್ಷ ಅವನು ಬಂದ, ಇಲ್ಲವೇ ಚೆನ್ನಾಜಮ್ಮ ಹೋದಳು. ನಾನು ಮನೆಯಲ್ಲೇ ಉಳಿದು ಪೇಪರ್ ಓದುತ್ತಿದ್ದೆ. ಒಮ್ಮೆ ಮಾತ್ರ ಎಲ್ಲರೂ ಸೇರಿ ಕೊಂಡಜ್ಜಿ ಕೆರೆಗೆ ಹೋಗಿದ್ದೆವು. ಗೌರಿ ಅವನ ಹೆಗಲ ಮೇಲೆ ಕೂತು ಅವನ ಕಿವಿ ಹಿಡಿದು "ಅಬ್ಬಾ, ಬಾತುಕೋಳಿ ತೋರ್ಸು" ಎಂದು ಕಿರುಚುತ್ತಿದ್ದಳು. ಅಬ್ಬಾ ಎಂದರೆ ಅವರ ಮಾತಿನಲ್ಲಿ ಅಪ್ಪ. ನನ್ನ ಹೆಗಲಿಗೆ ಬಾ ಎಂದು ಕೈ ಚಾಚಿದೆ. ಬರಲಿಲ್ಲ. ಬಾಷಾ ಸಾಬನೇ "ಹೋಗವ್ವ, ಅಪ್ಪ ಕರೀತಾರೆ" ಎಂದು ಇಳಿಸಿ ಕಳಿಸಿದ. ಅವನು ಕಳಿಸಿದ್ದಕ್ಕೇ ನನಗೆ ಇನ್ನಷ್ಟು ಉರಿಯಿತು.

ಹೋದ ವರ್ಷ ನಮ್ಮೂರಿಗೆ ಬಂದಿದ್ದಾಗ ದೊಡ್ಡ ಮನೆಯ ಮದುವೆಗೆ ನನ್ನನ್ನೂ ಕರೆದರು, ಒಳಗಿನ ಪಂಕ್ತಿಯಲ್ಲೇ ಕೂರಿಸಿದರು. ಕಾಲ ಬದಲಾಗಿದೆ, ಸಂತೋಷ. ಎಲೆಯ ಮುಂದೆ ಕೂತು ನಾನು ಮಾತಿನ ನಡುವೆ "ಬ್ಯಾಡ್ರಿ, ಸಾಕ್ರಿ" ಎಂದೆ. "ಅಬ್ಬಬ್ಬಾ, ಅತ್ತ ಕಡೆಯೋನಾಗ್ಬುಟ್ಯಲ್ಲೋ" ಎಂದು ನೀವೆಲ್ಲ ನಕ್ಕಿರಿ. ಹರಿಹರದಲ್ಲಿ ನನ್ನನ್ನು ಮೈಸೂರಿನವರು ಎನ್ನುತ್ತಾರೆ. ದಾವಣಗೆರೆಯ ಆ ಓಣಿಯಲ್ಲಿ ನಾನು ಇಂದಿಗೂ ಬಾಬು, ಗೌರಿಯ ಅಪ್ಪ. ಎಲ್ಲಿಯೂ ನನ್ನನ್ನು ಹೊರಗೆ ಹಾಕಿಲ್ಲ, ಹಾಗೆಂದು ದೂರುವಂತಿಲ್ಲ.

ಈ ಜೂನಿನಲ್ಲಿ ಗೌರಿಯನ್ನು ಹರಿಹರದ ಶಾಲೆಗೆ ಸೇರಿಸಲು ಹೋದೆ. ಹೊಸ ಲಂಗ, ಬಿಗಿಯಾಗಿ ಹೆಣೆದ ಜಡೆ. ಹೆಡ್‌ಮಾಸ್ತರರು ದೊಡ್ಡ ರಿಜಿಸ್ಟರು ತೆರೆದು, ಮಗುವಿನ ಚುರುಕು ನೋಡೋಣವೆಂದು ಅವಳನ್ನೇ ಕೇಳಿದರು. ಹೆಸರು ಹೇಳಿದಳು. ಊರು ಹೇಳಿದಳು.

"ಶಾಣೆ ಅದಿ. ತಂದಿ ಹೆಸ್ರೇನವ್ವ?"

"ಯಾವ ತಂದೀದ್ರಿ? ಅಪ್ಪಂದಾ, ಅಬ್ಬಾಂದಾ?"

ಮಾಸ್ತರರ ಪೆನ್ನು ನಿಂತಿತು. ಕನ್ನಡಕದ ಮೇಲಿಂದ ಅವರು ನನ್ನ ಮುಖ ನೋಡಿದರು. ನಾನು ವಿವರಿಸಬೇಕಿತ್ತು. ಟೈಫಾಯ್ಡ್, ಗೋಡೆ, ನಲವತ್ತು ದಿನ, ಎಲ್ಲಿಂದ ಶುರು ಮಾಡಲಿ ಎಂದು ಲೆಕ್ಕ ಹಾಕುತ್ತಿದ್ದೆ. ಗೌರಿ ನನ್ನನ್ನೂ ನೋಡಿದಳು, ಮಾಸ್ತರರನ್ನೂ ನೋಡಿದಳು. ಆಮೇಲೆ ಮೇಜಿನ ಹತ್ತಿರ ಸರಿದು, ದೊಡ್ಡವರು ಗುಟ್ಟು ಹೇಳುವ ಹಾಗೆ ದನಿ ತಗ್ಗಿಸಿ ಹೇಳಿದಳು:

"ಅಪ್ಪಂದೇ ಬರ್ಕಳ್ರಿ. ಅಬ್ಬಾ ಏನೂ ಅನ್ನಲ್ಲ. ಅಪ್ಪಂಗೆ ಬ್ಯಾಸ್ರ ಆಗ್ತೈತೆ."